ತೂತು ನೋಡಿ ಕೊಳ್ಳಿ: ದಿನಬಳಕೆಗೆ ಸೈಕ್ಲೋಕ್ರಾಸ್ ಸೈಕಲ್ ಆರಿಸುವ ಬಗೆ

ನನ್ನ ಮೊದಲ ಸೈಕ್ಲೋಕ್ರಾಸ್ ಸೈಕಲ್ ಮನೆಗೆ ಬಂದ ಮರುದಿನವೇ ಮಳೆ ಹಿಡಿಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ನವೆಂಬರ್ ಮಳೆ ಸುದ್ದಿಯೇನಲ್ಲ. ಗೆಲ್ಡ್ರಾಪ್‌ನ ನಮ್ಮ ಮನೆಯಿಂದ ಐಂಡ್‌ಹೋವನ್ ದಾಟಿ ವೆಲ್ಡ್‌ಹೋವನ್‌ನ ಕಚೇರಿಗೆ ಹನ್ನೆರಡು ಕಿಲೋಮೀಟರ್ ಇದೆ. ತಲುಪುವ ಹೊತ್ತಿಗೆ ಬೆನ್ನಿನ ಉದ್ದಕ್ಕೂ ಕೆಸರಿನ ನಾಮ ಬಿದ್ದಿತ್ತು, ಪ್ಯಾಂಟು ಹಿಂಡಿದರೆ ಒಂದು ಚೊಂಬು ನೀರು. ಸಂಜೆ ಮಡ್‌ಗಾರ್ಡ್ ತಂದು ಕೂರಿಸಲು ಹೋದರೆ ಫ್ರೇಮಿನಲ್ಲಿ ಬೋಲ್ಟು ಹಾಕುವ ತೂತೇ ಇಲ್ಲ. ಅದು ಅಪ್ಪಟ ಪಂದ್ಯದ ಸೈಕಲ್. ಪಂದ್ಯಕ್ಕೆ ಯಾರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವುದಿಲ್ಲವಲ್ಲ.

ಎಂಟು ತಿಂಗಳಲ್ಲಿ ಅದನ್ನು ಮಾರಿದೆ. ಎರಡನೆಯದು ಹಳೆಯ ಅಲ್ಯೂಮಿನಿಯಂ ಸೈಕಲ್, 520 ಯೂರೊ ಕೊಟ್ಟು ಕೊಂಡದ್ದು. ಕಚೇರಿ, ಸಂತೆ, ಭಾನುವಾರದ ಕಾಡುದಾರಿ ಎಲ್ಲಕ್ಕೂ ಅದೇ ಒಂದು. ಈಗ ಆರನೆಯ ವರ್ಷ. ಎರಡರಲ್ಲಿ ಕಂಪನಿ, ಬಣ್ಣ, ತೂಕ ಯಾವುದನ್ನು ಹೋಲಿಸಿದರೂ ಮೊದಲನೆಯದೇ ಮೇಲು. ಎರಡನೆಯದರಲ್ಲಿ ಇದ್ದದ್ದು ಬೋಲ್ಟಿನ ತೂತು, ಟೈರಿನ ಸುತ್ತ ಸಂದು ಮತ್ತು ಗೇರಿನ ಸರಿಯಾದ ಹಲ್ಲು. ಈ ಮಾರ್ಗದರ್ಶಿ ಬಹುಪಾಲು ಆ ಮೂರರ ಬಗ್ಗೆಯೇ ಇದೆ.

ಮೊದಲು ಇದರ ಜಾತಕ

ಯಾವ ಕೆಲಸಕ್ಕೆ ಹುಟ್ಟಿದ ಸೈಕಲ್ ಎಂದು ತಿಳಿದರೆ ಅದರ ಅರ್ಧ ಗುಣದೋಷ ತಾನಾಗಿ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಹೊಲ, ಕಾಡು, ಕೆಸರಿನಲ್ಲಿ ಸೈಕಲ್ ಓಡಿಸಿ, ಓಡಿಸಲಾಗದ ಕಡೆ ಹೆಗಲ ಮೇಲೆ ಹೊತ್ತು ಓಡುವ ಆಟ ಸೈಕ್ಲೋಕ್ರಾಸ್. 1902ರಲ್ಲಿ ಡೇನಿಯಲ್ ಗೂಸೋ ಎಂಬ ಸೈನಿಕ ಫ್ರಾನ್ಸಿನಲ್ಲಿ ಇದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಏರ್ಪಡಿಸಿದ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸ್‌ನಲ್ಲಿ. ಹುಟ್ಟಿದ್ದು ಫ್ರಾನ್ಸಿನಲ್ಲಾದರೂ ಬೆಳೆದದ್ದು ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನ ಕೆಸರಿನಲ್ಲಿ. 2018ರ ಫೆಬ್ರವರಿಯಲ್ಲಿ ವಾಲ್ಕೆನ್‌ಬರ್ಗ್‌ನಲ್ಲಿ ವೌಟ್ ವಾನ್ ಆರ್ಟ್ ವಿಶ್ವ ಚಾಂಪಿಯನ್ ಆದ ಪಂದ್ಯದ ದೃಶ್ಯಗಳನ್ನು ನೋಡಿ. ಸವಾರ ಯಾರು, ಸೈಕಲ್ ಯಾವ ಬಣ್ಣದ್ದು ಎಂದು ಗುರುತು ಸಿಗದಷ್ಟು ರಾಡಿ.

ಧಾರವಾಡದ ಕಡೆಯವನಾದ ನನಗೆ ಆ ದೃಶ್ಯ ಹೊಸದೆನಿಸಲಿಲ್ಲ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಸೈಕಲ್ ತಳ್ಳಿದವರಿಗೆ ಇದು ಗೊತ್ತು. ಹತ್ತು ಮಾರು ಹೋಗುವುದರೊಳಗೆ ಮಡ್‌ಗಾರ್ಡಿನ ಒಳಗೆ ಮಣ್ಣು ಗಿಡಿದು ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಕಡ್ಡಿ ಮುರಿದು ಕೆರೆಯುತ್ತಾ ಕೂರಬೇಕು. ಸೈಕ್ಲೋಕ್ರಾಸ್ ಫ್ರೇಮು ಹುಟ್ಟಿದ್ದೇ ಈ ಕಷ್ಟಕ್ಕೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಪಂದ್ಯದ ಟೈರು 33 ಮಿ.ಮೀ.ಗಿಂತ ಅಗಲ ಇರುವಂತಿಲ್ಲ. ಆ ಟೈರಿನ ಸುತ್ತ ಕೆಸರು ಹಾದುಹೋಗಲಿ ಎಂದು ಫ್ರೇಮಿನಲ್ಲಿ ಧಾರಾಳವಾಗಿ ಜಾಗ ಬಿಟ್ಟಿರುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಆ ಜಾಗವೇ. ಅಲ್ಲಿ ಕೆಸರಿನ ಬದಲು ಮಡ್‌ಗಾರ್ಡ್ ಕೂರಿಸುತ್ತೇವೆ.

ಹೆಜ್ಜೆ 1: ಒಂದು ವಾರ ಲೆಕ್ಕ ಬರೆಯಿರಿ

ಜಾಹೀರಾತು ನೋಡುವ ಮೊದಲು ಒಂದು ವಾರ ನೀವು ಹೋಗುವ ದಾರಿಗಳನ್ನು ಬರೆದಿಡಿ. ದಿನಕ್ಕೆ ಎಷ್ಟು ಕಿಲೋಮೀಟರ್, ಅದರಲ್ಲಿ ಡಾಂಬರು ಎಷ್ಟು, ಕಲ್ಲುಹಾಸು ಎಷ್ಟು, ಮಣ್ಣು ಎಷ್ಟು? ಬೆನ್ನ ಮೇಲೆ ಏನು ಹೊರುತ್ತೀರಿ? ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ದಿನವಿಡೀ ರೈಲು ನಿಲ್ದಾಣದ ಹೊರಗೆ ನಿಲ್ಲಿಸುವವರು ಈ ಬಗೆಯ ಸೈಕಲ್ ಕೊಳ್ಳದಿರುವುದೇ ಒಳ್ಳೆಯದು. ಕೆಳಕ್ಕೆ ಬಾಗಿದ ಹ್ಯಾಂಡಲ್ ಕಂಡರೆ ಸಾಕು, ಕಳ್ಳರ ಕಣ್ಣು ಅದರ ಮೇಲೆಯೇ. ಕಚೇರಿಯಲ್ಲಿ ಬೀಗದ ಸೈಕಲ್ ಕೋಣೆ ಇದ್ದರೆ ಮುಂದೆ ಓದಿ.

ನನ್ನ ಲೆಕ್ಕ ಹೀಗಿತ್ತು: ಹತ್ತರಲ್ಲಿ ಎಂಟು ಪಾಲು ಡಾಂಬರು ಮತ್ತು ಇಟ್ಟಿಗೆಯ ಹಾಸು, ಉಳಿದದ್ದು ಕಾಲುವೆ ದಂಡೆಯ ಮಣ್ಣುದಾರಿ. ಲ್ಯಾಪ್‌ಟಾಪ್, ಊಟದ ಡಬ್ಬಿ, ಮಳೆ ಅಂಗಿ ಸೇರಿ ಐದು ಕಿಲೋ. ಏರು ಇಲ್ಲವೇ ಇಲ್ಲ, ಎದುರುಗಾಳಿ ಮಾತ್ರ ಬೇಕಾದಷ್ಟು.

ಹೆಜ್ಜೆ 2: ಸೈಕ್ಲೋಕ್ರಾಸೇ ಬೇಕೇ, ಗ್ರಾವೆಲ್ ಆಗದೇ?

ಇಂದು ಅಂಗಡಿಗೆ ಹೋಗಿ ಕೇಳಿದರೆ ನಿಮಗೆ ತೋರಿಸುವುದು ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ, ಮಣ್ಣುದಾರಿಯ ದೂರಸವಾರಿಗೆಂದು ಮಾಡಿದ್ದು. ದೂರದಿಂದ ಎರಡೂ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಹತ್ತಿ ಕೂತಾಗ.

ಸೈಕ್ಲೋಕ್ರಾಸ್‌ನಲ್ಲಿ ಪೆಡಲಿನ ನಡುದಂಡ ತುಸು ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗಬಾರದೆಂದು. ಚಕ್ರಗಳ ಅಚ್ಚಿನ ಮಟ್ಟಕ್ಕಿಂತ ನಡುದಂಡ ಸಾಮಾನ್ಯವಾಗಿ 60ರಿಂದ 70 ಮಿ.ಮೀ. ಕೆಳಗಿದ್ದರೆ, ಗ್ರಾವೆಲ್‌ನಲ್ಲಿ ಅದು 70ರಿಂದ 80. ಹತ್ತು ಮಿ.ಮೀ. ಏನು ಮಹಾ ಎನ್ನಬೇಡಿ. ಕೆಂಪು ದೀಪದಲ್ಲಿ ಸೀಟಿನಿಂದ ಇಳಿಯದೆ ಕಾಲೂರಲು ಹೋದಾಗ ಅದು ತುದಿಬೆರಳಿಗೆ ಗೊತ್ತಾಗುತ್ತದೆ. ಎರಡು ಚಕ್ರಗಳ ನಡುವಿನ ಅಂತರವೂ ಕಡಿಮೆ, ಆದ್ದರಿಂದ ಹ್ಯಾಂಡಲ್ ಚುರುಕು. ಊರೊಳಗಿನ ತಿರುವು, ಕಂಬ, ಎದುರು ಬರುವ ಶಾಲಾ ಮಕ್ಕಳ ನಡುವೆ ಈ ಚುರುಕು ಹಿತ. ಎಂಬತ್ತು ಕಿಲೋಮೀಟರ್ ಆದ ಮೇಲೆ, ಹಿಂದೆ ಭಾರ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಅದೇ ಚುರುಕು ಕಿರಿಕಿರಿ.

ನನ್ನ ಮಟ್ಟಿಗೆ ತೀರ್ಮಾನ ಸರಳ. ಹೊಸದೇ ಕೊಳ್ಳುವವರಿಗೆ, 40 ಮಿ.ಮೀ.ಗಿಂತ ಅಗಲದ ಟೈರು ಬೇಕಾದವರಿಗೆ, ದೂರಪ್ರವಾಸದ ಆಸೆ ಇರುವವರಿಗೆ ಗ್ರಾವೆಲ್. ಸೈಕ್ಲೋಕ್ರಾಸ್ ಗೆಲ್ಲುವುದು ಹಳೆಯ ಸೈಕಲ್‌ಗಳ ಪೇಟೆಯಲ್ಲಿ. ಚಳಿಗಾಲ ಮುಗಿದ ಮೇಲೆ, ಮಾರ್ಚ್–ಏಪ್ರಿಲ್‌ನಲ್ಲಿ, ಹವ್ಯಾಸಿ ಪಂದ್ಯಗಾರರು ತಮ್ಮ ಸೈಕಲ್ ಮಾರಾಟಕ್ಕೆ ಇಡುತ್ತಾರೆ. ಚೌಕಾಸಿಗೆ ಅದೇ ಹೊತ್ತು.

ಹೆಸರು ನೋಡಿ ಮೋಸಹೋಗಬೇಡಿ. ಸ್ಪೆಷಲೈಜ್ಡ್ ಕಂಪನಿಯ ಕ್ರಕ್ಸ್ ಬಹುಕಾಲ ಸೈಕ್ಲೋಕ್ರಾಸ್ ಆಗಿತ್ತು. 2021ರಲ್ಲಿ ಬಂದ ಅದೇ ಹೆಸರಿನ ಸೈಕಲ್ 47 ಮಿ.ಮೀ. ಟೈರು ಹಿಡಿಸುವ ಗ್ರಾವೆಲ್. ಸರ್ಲಿ ಕಂಪನಿಯ ಕ್ರಾಸ್-ಚೆಕ್ ಎಂಬ ಉಕ್ಕಿನ ಸೈಕಲ್ ಹೆಸರಲ್ಲಿ ಮಾತ್ರ ಕ್ರಾಸ್, ಸ್ವಭಾವದಲ್ಲಿ ಹೂಡುವ ಎತ್ತು. ಮೈತುಂಬ ತೂತು, ಏನು ಬೇಕಾದರೂ ಹೇರಬಹುದು. ಈಗ ತಯಾರಿ ನಿಂತಿದೆ. ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ.

ಹೆಜ್ಜೆ 3: ತೂತು ಎಣಿಸಿ

ಸೈಕಲ್ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಬೇಕಾದ ಕೆಲಸ ಇದು. ನೀವು ಹುಡುಕುತ್ತಿರುವುದು 5 ಮಿ.ಮೀ. ಬೋಲ್ಟು ಹಿಡಿಯುವ, ಒಳಗೆ ತಿರುಪಿನ ಗೆರೆ ಇರುವ ತೂತುಗಳನ್ನು.

ಹಿಂದಿನ ಚಕ್ರದ ಅಚ್ಚಿನ ಬಳಿ, ಎರಡೂ ಬದಿಗೆ ಒಂದೊಂದು ಇರಲೇಬೇಕು. ಎರಡೆರಡು ಇದ್ದರೆ ಮಡ್‌ಗಾರ್ಡಿಗೊಂದು, ಕ್ಯಾರಿಯರ್‌ಗೊಂದು. ಸೀಟಿನ ಕೆಳಗೆ ಫ್ರೇಮಿನ ಮೇಲ್ತುದಿಯಲ್ಲಿ ಇನ್ನೊಂದು ಜೋಡಿ ಇದ್ದರೆ ಕ್ಯಾರಿಯರ್ ಗಟ್ಟಿಯಾಗಿ ನಿಲ್ಲುತ್ತದೆ. ಹಿಂದಿನ ಎರಡು ಕೊಳವೆಗಳನ್ನು ಜೋಡಿಸುವ ಅಡ್ಡಪಟ್ಟಿ ಇದೆಯೇ, ಅದರಲ್ಲಿ ತೂತಿದೆಯೇ ನೋಡಿ. ಕೆಸರು ನಿಲ್ಲಬಾರದೆಂದು ಪಂದ್ಯದ ಫ್ರೇಮುಗಳಲ್ಲಿ ಈ ಅಡ್ಡಪಟ್ಟಿಯನ್ನೇ ತೆಗೆದಿರುತ್ತಾರೆ. ಕೊನೆಗೆ ಮುಂದಿನ ಚಕ್ರ ಹಿಡಿಯುವ ಫೋರ್ಕು. ಕಾರ್ಬನ್ ಫೋರ್ಕಾದರೆ ಒಳಬದಿಯಲ್ಲಿ ಬೆರಳಾಡಿಸಿ. ಕೆಲವರು ತೂತನ್ನು ಕಣ್ಣಿಗೆ ಕಾಣದಂತೆ ಒಳಮೈಯಲ್ಲಿ ಇಟ್ಟಿರುತ್ತಾರೆ, ಮೇಲೆ ರಬ್ಬರ್ ಬಿರಡೆ ಇರುತ್ತದೆ.

ತೂತು ಇಲ್ಲದಿದ್ದರೂ ಉಪಾಯ ಇದೆ ಎಂದು ಹಲವರು ಹೇಳುತ್ತಾರೆ. ರಬ್ಬರ್ ಹೊದಿಸಿದ ಕ್ಲಿಪ್ಪನ್ನು ಕೊಳವೆಗೆ ಸುತ್ತಿ ಬೋಲ್ಟು ಬಿಗಿಯುವುದು ಒಂದು. ಅಲ್ಯೂಮಿನಿಯಂ, ಉಕ್ಕಿಗೆ ಪರವಾಗಿಲ್ಲ. ಕಾರ್ಬನ್ ಕೊಳವೆಗೆ ಮಾತ್ರ ಬಿಗಿಯಬೇಡಿ, ಅದು ಅಡ್ಡ ಒತ್ತಡಕ್ಕೆ ಮಾಡಿದ್ದಲ್ಲ. ಸೀಟಿನ ಕಂಬಕ್ಕೆ ಸಿಕ್ಕಿಸುವ ಕ್ಯಾರಿಯರ್‌ಗೂ ಇದೇ ಮಾತು. ಕಳಚಿ ಹಾಕುವ ಪ್ಲಾಸ್ಟಿಕ್ ಮಡ್‌ಗಾರ್ಡನ್ನು ನಾನು ಎಂಟು ತಿಂಗಳು ಸಹಿಸಿದ್ದೇನೆ. ಅದು ಬೆನ್ನು ಕಾಯುತ್ತದೆ, ಬೂಟು ಮತ್ತು ಚೈನನ್ನು ಕಾಯುವುದಿಲ್ಲ. ವಾರಕ್ಕೊಮ್ಮೆ ಓರೆಯಾಗಿ ಟೈರಿಗೆ ಉಜ್ಜುತ್ತದೆ.

ಕ್ಯಾರಿಯರ್ ಕೂತಿತು ಎಂದು ಹಿಗ್ಗುವ ಮೊದಲು ಹಿಮ್ಮಡಿ ನೋಡಿ. ಈ ಸೈಕಲ್‌ಗಳಲ್ಲಿ ನಡುದಂಡದಿಂದ ಹಿಂದಿನ ಅಚ್ಚಿಗೆ ಸುಮಾರು 425 ಮಿ.ಮೀ. ಮಾತ್ರ. ಬದಿಗೆ ಚೀಲ ತೂಗುಹಾಕಿದರೆ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯಬಹುದು. ಚಿಕ್ಕ ಚೀಲ ಹಾಕಿ, ಆದಷ್ಟು ಹಿಂದಕ್ಕೆ ಸರಿಸಿ ಕಟ್ಟಿ. ನಾನು ಒಂದೇ ಚೀಲವನ್ನು ಎಡಕ್ಕೆ ಹಾಕುತ್ತೇನೆ, ಚೈನಿನ ಎಣ್ಣೆ ತಾಗದಿರಲಿ ಎಂದು.

ಹೆಜ್ಜೆ 4: ಸಂದು ಅಳೆಯಿರಿ

ಟೈರಿಗೂ ಫ್ರೇಮಿಗೂ ನಡುವಿನ ಸಂದು ಅಳೆಯಲು ಉಪಕರಣ ಬೇಕಿಲ್ಲ. 6 ಮಿ.ಮೀ. ಅಲೆನ್ ಕೀ ಜೇಬಿನಲ್ಲಿಟ್ಟುಕೊಂಡು ಹೋಗಿ. ಹಿಂದಿನ ಚಕ್ರದ ಎರಡೂ ಪಕ್ಕ, ಮೇಲೆ, ಮುಂದಿನ ಫೋರ್ಕಿನ ಕವಲಿನ ಕೆಳಗೆ ಅದನ್ನು ತೂರಿಸಿ ನೋಡಿ. ಎಲ್ಲ ಕಡೆ ಸಲೀಸಾಗಿ ಹಾದುಹೋದರೆ ಆ ಟೈರಿನ ಅಗಲಕ್ಕೆ ತೊಂದರೆಯಿಲ್ಲ. ಆಮೇಲೆ ಟೈರಿನ ಪಕ್ಕದಲ್ಲಿ ಬರೆದ ಅಂಕಿ ಓದಿ. 33-622 ಎಂದಿದ್ದರೆ ಅಗಲ 33, ರಿಮ್ಮಿನ ಅಳತೆ 622 ಮಿ.ಮೀ.

33 ಮಿ.ಮೀ. ಟೈರಿನ ಸುತ್ತ ಧಾರಾಳ ಜಾಗವಿರುವ ಫ್ರೇಮಿಗೆ ಮಡ್‌ಗಾರ್ಡ್ ಇಲ್ಲದೆ 38ರ ಟೈರು ಸಾಮಾನ್ಯವಾಗಿ ಹಿಡಿಸುತ್ತದೆ. ಮಡ್‌ಗಾರ್ಡ್ ಹಾಕಿದರೆ 33 ಅಥವಾ 35ಕ್ಕೆ ಇಳಿಯಬೇಕು. ಡಾಂಬರು ಮತ್ತು ಕಾಲುವೆ ದಂಡೆಗೆ ಅಷ್ಟು ಸಾಕು. ಕಾಡುದಾರಿಯೇ ಹೆಚ್ಚು ಎನ್ನುವವರು ಮತ್ತೆ ಎರಡನೇ ಹೆಜ್ಜೆ ಓದಿ.

ಸೈಕಲ್ ಜೊತೆ ಬರುವ ಉಬ್ಬುಗಳಿರುವ ಪಂದ್ಯದ ಟೈರನ್ನು ಮೊದಲ ವಾರವೇ ಬಿಚ್ಚಿಡಿ. ಡಾಂಬರಿನ ಮೇಲೆ ಅದು ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ತಿರುವಿನಲ್ಲಿ ಉಬ್ಬುಗಳು ಬಾಗಿ ಜಾರಿಸುತ್ತವೆ. ನಡುವೆ ನಯವಾಗಿದ್ದು ಅಂಚಿನಲ್ಲಿ ಮಾತ್ರ ಕಚ್ಚುಗಳಿರುವ, ಪಂಕ್ಚರ್ ತಡೆ ಪಟ್ಟಿ ಇರುವ 35ರ ಟೈರು ಹಾಕಿ. 70 ಕಿಲೋ ತೂಕದವರು ಮೂರೂವರೆ ಬಾರ್ ಒತ್ತಡದ ಗಾಳಿಯಿಂದ ಶುರು ಮಾಡಿ, ಚೀಲದ ಭಾರ ಇದ್ದರೆ ಹಿಂದಿನದಕ್ಕೆ ಸ್ವಲ್ಪ ಹೆಚ್ಚು ಹಾಕಿ ನೋಡಬಹುದು.

ಹೆಜ್ಜೆ 5: ಹಲ್ಲಿನ ಲೆಕ್ಕ

ಪಂದ್ಯದ ಹಳೆಯ ಪದ್ಧತಿಯಂತೆ ಮುಂದೆ ಪೆಡಲಿನ ಬಳಿ 46 ಮತ್ತು 36 ಹಲ್ಲಿನ ಎರಡು ಗೇರು ಚಕ್ರ, ಹಿಂದೆ 11ರಿಂದ 28 ಹಲ್ಲಿನವು. ಹೊಸ ಪದ್ಧತಿಯಲ್ಲಿ ಮುಂದೆ 40 ಹಲ್ಲಿನ ಒಂದೇ. ಯಾವುದು ಸಾಕು ಎಂದು ನೀವೇ ಲೆಕ್ಕ ಹಾಕಬಹುದು. 33ರ ಟೈರು ಹಾಕಿದ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, 2.1ರಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಎಂಬುದು ಸಿಗುತ್ತದೆ.

36ಕ್ಕೆ 28 ಎಂದರೆ 2.7 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 9.7 ಕಿಲೋಮೀಟರ್. ಅಂದರೆ ಏರಿನಲ್ಲಿ ಅದಕ್ಕಿಂತ ನಿಧಾನವಾದರೆ ನೀವು ತುಳಿಯುತ್ತಿಲ್ಲ, ತಿಣುಕುತ್ತಿದ್ದೀರಿ. ಹಿಂದೆ 34ರ ಗೇರು ಹಾಕಿದರೆ ಅದು 8 ಕಿಲೋಮೀಟರಿಗೆ ಇಳಿಯುತ್ತದೆ. ಐಂಡ್‌ಹೋವನ್ ಸಮತಟ್ಟು, 28 ಸಾಕು. ದಕ್ಷಿಣದ ಲಿಂಬರ್ಗ್ ಗುಡ್ಡಗಳಿಗೆ ಹೋಗುವವರು, ಊರಿಗೆ ಒಯ್ದು ನಂದಿಬೆಟ್ಟ ಹತ್ತುವ ಕನಸಿರುವವರು 34 ಹಾಕಿಸಿ. ಹಿಂದಿನ ಗೇರ್ ಬದಲಿಸುವ ತೋಳು ಅಷ್ಟು ದೊಡ್ಡ ಚಕ್ರ ಹಿಡಿಯುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ. ಚಿಕ್ಕ ತೋಳು ಹಿಡಿಯುವುದಿಲ್ಲ.

ಮೇಲಿನ ಗೇರಿನ ಚಿಂತೆ ಬೇಡ. 46ಕ್ಕೆ 11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ 47 ಕಿಲೋಮೀಟರ್ ವೇಗ. ಕಚೇರಿಗೆ ಅಷ್ಟು ಬೇಗ ಹೋಗುವ ಆಸೆ ನನಗಂತೂ ಇಲ್ಲ.

ಹೆಜ್ಜೆ 6: ಬ್ರೇಕು

ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಿ, ಇದರಲ್ಲಿ ನನಗೆ ಅನುಮಾನವಿಲ್ಲ. ಪಂದ್ಯಗಳಲ್ಲಿ ಡಿಸ್ಕಿಗೆ ಅನುಮತಿ ಸಿಕ್ಕಿದ್ದು 2010ರಲ್ಲಿ. ಅದಕ್ಕಿಂತ ಹಿಂದಿನವುಗಳಲ್ಲಿ ರಿಮ್ಮನ್ನು ಒತ್ತುವ ಕ್ಯಾಂಟಿಲಿವರ್ ಬ್ರೇಕು ಇರುತ್ತದೆ. ಮಳೆಯಲ್ಲಿ ಅದು ಹಿಡಿಯುವ ಮೊದಲು ಒಂದು ಗಳಿಗೆ ಯೋಚಿಸುತ್ತದೆ, ಕೆಲವು ಫೋರ್ಕುಗಳಲ್ಲಿ ಗಡಗಡ ನಡುಗುತ್ತದೆ, ಮರಳು ಸೇರಿ ರಿಮ್ಮನ್ನೇ ತಿನ್ನುತ್ತದೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕೋ ಎಣ್ಣೆಯ ಒತ್ತಡದಿಂದ ಹಿಡಿಯುವುದೋ ಎಂಬುದು ರುಚಿಯ ವಿಷಯ. ಕೇಬಲ್ಲಿನದನ್ನು ದಾರಿಬದಿಯಲ್ಲೂ ಸರಿಪಡಿಸಬಹುದು. ಎಣ್ಣೆಯದನ್ನು ಚಳಿಯಲ್ಲಿ ಮರಗಟ್ಟಿದ ಎರಡು ಬೆರಳಿನಲ್ಲೂ ಒತ್ತಬಹುದು.

ಹೆಜ್ಜೆ 7: ಅಳತೆ

ಫ್ರೇಮಿನ ಗಾತ್ರ ಎಂದು ಹೇಳುವ 54, 56 ಎಂಬ ಅಂಕಿಗಳನ್ನು ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಫ್ರೇಮಿನ ಮೇಲಿನ ಬಾರಿನ ಎರಡೂ ಬದಿಗೆ ನೆಲಕ್ಕೆ ಕಾಲೂರಿ ನಿಂತಾಗ ಎರಡು ಬೆರಳಿನಷ್ಟಾದರೂ ಜಾಗ ಇರಬೇಕು. ನಡುದಂಡ ಎತ್ತರವಿರುವುದರಿಂದ ಬಾರೂ ಎತ್ತರ. ಕುಳ್ಳಗಿರುವವರು ಇದನ್ನು ಮರೆಯಬಾರದು. ಬ್ರೇಕಿನ ಮೇಲೆ ಕೈಯಿಟ್ಟು ಕೂತಾಗ ಮೊಣಕೈ ಸ್ವಲ್ಪ ಬಾಗಿರಬೇಕು.

ಇನ್ನೊಂದು ಪರೀಕ್ಷೆಯನ್ನು ನೀವು ದಿನ ಹಾಕುವ ಬೂಟಿನಲ್ಲೇ ಮಾಡಿ. ಪೆಡಲನ್ನು ನೇರ ಮುಂದಕ್ಕೆ ತಂದು, ಮುಂದಿನ ಚಕ್ರವನ್ನು ಅದರ ವಿರುದ್ಧ ಬದಿಗೆ ತಿರುಗಿಸಿ (ಬಲ ಪೆಡಲ್ ಮುಂದಿದ್ದರೆ ಎಡಕ್ಕೆ). ಬೂಟಿನ ತುದಿ ಟೈರಿಗೆ ತಾಗುತ್ತದೆಯೇ? ಚಿಕ್ಕ ಫ್ರೇಮುಗಳಲ್ಲಿ ಇದು ಸಾಮಾನ್ಯ. ಮಡ್‌ಗಾರ್ಡ್ ಹಾಕಿದ ಮೇಲೆ ಇನ್ನೂ ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಕಾಲುವೆ ಸೇತುವೆಯ ಬಳಿ ನಡಿಗೆಯ ವೇಗದಲ್ಲಿ ತಿರುಗುವಾಗ ಬೂಟು ಸಿಕ್ಕಿಕೊಂಡು ನಾನು ಬಿದ್ದದ್ದು ಹೀಗೇ. ನೋಡುತ್ತಿದ್ದ ಬಾತುಕೋಳಿಗಳ ಮುಂದೆ ಮಾತ್ರ ಮಾನ ಹೋಯಿತು.

ಹೆಜ್ಜೆ 8: ಹಳೆಯ ಸೈಕಲ್ ಪರೀಕ್ಷೆ

ಮಾರುವವನ ಮನೆಗೆ ಹಗಲಿನಲ್ಲಿ ಹೋಗಿ. ಪಂದ್ಯದಲ್ಲಿ ಓಡಿದ ಸೈಕಲ್ಲಿಗೆ ಕೆಸರಿಗಿಂತ ದೊಡ್ಡ ಶತ್ರು ಅದನ್ನು ತೊಳೆಯುವ ಒತ್ತಡದ ನೀರು. ಅದು ಬೇರಿಂಗಿನ ಗ್ರೀಸನ್ನು ತೊಳೆದುಬಿಡುತ್ತದೆ. ಹೊರಗೆ ಲಕಲಕ, ಒಳಗೆ ತುಕ್ಕು.

ಮುಂದಿನ ಬ್ರೇಕು ಹಿಡಿದು ಸೈಕಲನ್ನು ಹಿಂದೆಮುಂದೆ ಅಲುಗಿಸಿ. ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಎಂದರೆ ಬೇರಿಂಗ್ ಸಡಿಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಎಲ್ಲೋ ಕಚ್ಚಿ ನಿಂತಂತಾದರೆ ಅದು ಸವೆದಿದೆ. ಪೆಡಲ್ ತೋಳುಗಳನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಸೀಟಿನ ಕಂಬದ ಬೋಲ್ಟು ಸಡಿಲಿಸಿ, ಕಂಬ ಮೇಲೆ ಕೆಳಗೆ ಜಾರುತ್ತದೆಯೇ ನೋಡಿ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಕಂಬ ಬೆಸುಗೆಯಂತೆ ಹಿಡಿದುಕೊಂಡಿದ್ದರೆ ಅಲ್ಲಿಂದ ಎದ್ದು ಬನ್ನಿ.

ಚೈನಿಗೆ ಒಂದು ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು ಅಳೆಯಿರಿ. ಹೊಸ ಚೈನಿನಲ್ಲಿ 24ನೆಯ ಕೊಂಡಿಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರುತ್ತದೆ. ಅಂಗುಲದ ಹದಿನಾರನೇ ಒಂದು ಪಾಲು ಆಚೆ ಹೋಗಿದ್ದರೆ ಚೈನು ಬದಲಿಸಬೇಕು. ಅದಕ್ಕೂ ಹೆಚ್ಚಾದರೆ ಹಿಂದಿನ ಗೇರು ಚಕ್ರಗಳೂ ಹೋಗಿರಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ರಿಮ್ಮಿಗೆ ಅಂಟಿನಿಂದ ಕೂರಿಸುವ ಟ್ಯೂಬುಲರ್ ಟೈರು ಇದೆಯೇ ಎಂದು ಕೇಳಲೇಬೇಕು. ಪಂದ್ಯಗಾರರಿಗೆ ಅದು ಪ್ರಾಣ, ನಮಗೆ ಪೀಡೆ. ರಾತ್ರಿ ಎಂಟು ಗಂಟೆಗೆ ಮಳೆಯಲ್ಲಿ ಪಂಕ್ಚರ್ ಆದರೆ ಅಂಟು ಬಿಡಿಸುತ್ತಾ ಕೂರುವವರು ಯಾರು? ಕಾರ್ಬನ್ ಫ್ರೇಮಾದರೆ ಬಟ್ಟೆಯಿಂದ ಒರೆಸಿ, ಬಣ್ಣದಲ್ಲಿ ಕೂದಲೆಳೆಯ ಗೆರೆಗಳಿವೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ. ಫ್ರೇಮಿನ ಸಂಖ್ಯೆ ಕೆರೆದು ಹಾಕಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೈ ಹಾಕಬೇಡಿ.

ಹೆಜ್ಜೆ 9: ಮೇಲಿನ ಖರ್ಚು

ನನ್ನ 520 ಯೂರೊ ಸೈಕಲ್ಲಿಗೆ ಮಡ್‌ಗಾರ್ಡ್, ಕ್ಯಾರಿಯರ್, ಟೈರು, ದೀಪ, ಚೈನು, ಗಟ್ಟಿ ಬೀಗ ಎಂದು ಇನ್ನೂ 260 ಹೋಯಿತು. ಇಟ್ಟ ಹಣದ ಮೂರನೇ ಒಂದು ಪಾಲನ್ನು ಹೀಗೆ ತೆಗೆದಿಟ್ಟು ಉಳಿದದ್ದರಲ್ಲಿ ಸೈಕಲ್ ಹುಡುಕಿ. ನೆದರ್‌ಲ್ಯಾಂಡ್ಸ್‌ನಲ್ಲಿ ಗಂಟೆ, ಕತ್ತಲಲ್ಲಿ ಮುಂದೆ ಹಿಂದೆ ದೀಪ, ಹಿಂದೆ ಕೆಂಪು ಪ್ರತಿಫಲಕ ಕಾನೂನಿನ ಪ್ರಕಾರ ಬೇಕೇ ಬೇಕು. ಪಂದ್ಯದ ಸೈಕಲ್ಲಿಗೆ ಇವು ಯಾವುವೂ ಇರುವುದಿಲ್ಲ.

ಊರಿಗೆ ಒಯ್ಯುವವರಿಗೆ

ಎರಡು ವರ್ಷದ ಹಿಂದೆ ಈ ಸೈಕಲನ್ನು ಡಬ್ಬಿಯಲ್ಲಿ ಕಟ್ಟಿ ಧಾರವಾಡಕ್ಕೆ ಒಯ್ದಿದ್ದೆ. ಪಂಕ್ಚರ್ ಅಂಗಡಿಯವರು ಗಾಳಿಯ ಪೈಪು ಹಿಡಿದು ಬಂದು, ವಾಲ್ವು ನೋಡಿ ಕಕ್ಕಾಬಿಕ್ಕಿಯಾದರು. ಇಂಥ ಸೈಕಲ್ಲಿನದು ಸಣ್ಣ ಕತ್ತಿನ ಪ್ರೆಸ್ಟಾ ವಾಲ್ವು. ಪೈಪು ಹಿಡಿಯುವುದು ಸ್ಕೂಟರ್, ಕಾರಿನ ದಪ್ಪ ವಾಲ್ವಿಗೆ. ಗುಂಡಿಯಷ್ಟು ಗಾತ್ರದ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಎರಡು ತೆಗೆದುಕೊಂಡು ಹೋಗಿ. ಒಂದು ಕಳೆದೇ ಕಳೆಯುತ್ತದೆ.

ಟೈರಿನಲ್ಲಿ ಇನ್ನೂ ದೊಡ್ಡ ಎಡವಟ್ಟಿದೆ. ನಮ್ಮೂರ ಹಾಲಿನವರ ಕಪ್ಪು ಸೈಕಲ್ಲಿನ 28 ಅಂಗುಲದ ಟೈರಿನ ರಿಮ್ ಅಳತೆ 635 ಮಿ.ಮೀ. ಯುರೋಪಿನಲ್ಲಿ 622ರ ಟೈರನ್ನೂ 28 ಅಂಗುಲ ಎಂದೇ ಕರೆಯುತ್ತಾರೆ. ಹೆಸರು ಒಂದೇ ಎಂದು ನಾನೂ ಒಂದು ತಂದೆ. ರಿಮ್ಮಿನ ಮೇಲೆ ಅದು ಅಜ್ಜನ ಅಂಗಿ ಮೊಮ್ಮಗ ತೊಟ್ಟಂತೆ ಜೋಲಾಡಿತು. ಈಗಿನ ಹೈಬ್ರಿಡ್ ಸೈಕಲ್‌ಗಳಿಗೆ ಬರುವ 700 × 35 ಎಂದು ಬರೆದ ಟೈರು ಸರಿಯಾಗಿ ಕೂರುತ್ತದೆ, ಹುಬ್ಬಳ್ಳಿಯಲ್ಲೇ ಸಿಕ್ಕಿತು. ಅಂಗಡಿಯಲ್ಲಿ ಅಂಗುಲ ಕೇಳಬೇಡಿ. ಟೈರಿನ ಪಕ್ಕದಲ್ಲಿ 622 ಎಂಬ ಅಂಕಿ ಕಂಡ ಮೇಲೆ ದುಡ್ಡು ಕೊಡಿ.